ಸಾತನೂರಿನ ಏರಿನಲ್ಲಿ ಬಾಯಾರುತ್ತಿದ್ದ ಸ್ಕೂಟರು

ಸ್ಕೂಟರ್ ರಿಪೇರಿ ಕಲಿಯಲು ಬಂದವರು ಮೊದಲು ಯಾವ ಸ್ಪ್ಯಾನರ್ ಎಲ್ಲಿಗೆ ಎಂದು ಕೇಳುತ್ತಾರೆ. ಅದು ಆರು ತಿಂಗಳಲ್ಲಿ ಕೈಗೆ ತಾನಾಗಿ ಬರುತ್ತದೆ. ಗಾಡಿ ಸರಿಯಾಗಿದೆ, ತಗೊಂಡು ಹೋಗಿ ಎಂದು ನಾವು ಹೇಳುವ ಒಂದು ಮಾತನ್ನು ನಂಬಿ ಒಬ್ಬರು ಅದರ ಮೇಲೆ ಕೂತು ಲಾರಿ ಬಸ್ಸುಗಳ ನಡುವೆ ಹೊರಟುಬಿಡುತ್ತಾರಲ್ಲ, ಆ ಮಾತನ್ನು ಯಾವಾಗ ಹೇಳಬೇಕು ಎಂಬುದು ನನಗೆ ಬರಲು ನಲವತ್ತು ವರ್ಷ ಹಿಡಿಯಿತು. ಹೋದ ವರ್ಷ ರಾಮನಗರದ ನನ್ನ ಅಂಗಡಿ ಮುಚ್ಚಿದೆ. ಈಗ ಕೈ ಖಾಲಿ, ತಲೆ ತುಂಬಿದೆ. ಈ ಕೆಲಸಕ್ಕೆ ಹೊಸದಾಗಿ ಕಾಲಿಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಕೆಲವನ್ನು ಬರೆದಿಡುತ್ತಿದ್ದೇನೆ. ಬರೆಯಲು ಕೂತರೆ ಈಗಲೂ ಮೈ ಬಿಸಿಯಾಗುತ್ತದೆ.

ನನ್ನ ಹೆಸರು ಮರಿಸ್ವಾಮಿ. ಊರು ಕೂಟಗಲ್. ನಮ್ಮಪ್ಪ ಕುರಿ ಸಾಕಿದವರು. ಮಂದೆಗೆ ಬೆನ್ನು ಹಾಕಿ ಬೀಡಿ ಸೇದುತ್ತಾ ಕೂತಿದ್ದರೂ ಯಾವ ಕುರಿ ಕೆಮ್ಮಿತು ಎಂದು ಹೇಳುತ್ತಿದ್ದರು. ಆ ಕಿವಿ ನನಗೂ ಬಂದಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಾಮನಗರದ ಒಂದು ಸ್ಕೂಟರ್ ಸರ್ವಿಸ್ ಸ್ಟೇಷನ್ನಿಗೆ ಸೇರಿದಾಗ ನನ್ನ ಬಳಿ ಇದ್ದ ವಿದ್ಯೆ ಅದೊಂದೇ.

ಅಲ್ಲಿ ಫೋರ್‌ಮನ್ ಆಗಿದ್ದವರು ಆರೋಗ್ಯಸ್ವಾಮಿ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಉಗುರಿನಲ್ಲಿ ಒಂದು ಚೂರು ಗ್ರೀಸ್ ಇಲ್ಲ. ಕೆಲಸ ಮಾಡದವರ ಉಗುರು ಅದು ಎಂದು ಮೊದಲ ವರ್ಷ ಅಂದುಕೊಂಡಿದ್ದೆ. ಎರಡನೆಯ ವರ್ಷ ಮಾಗಡಿ ಕಡೆಯ ಒಬ್ಬ ಹೆಡ್‌ಮೇಷ್ಟ್ರ ಸ್ಕೂಟರ್ ನನ್ನ ಪಾಲಿಗೆ ಬಂತು. ಊರೊಳಗೆ ಚೆನ್ನಾಗಿ ಓಡುತ್ತದೆ, ಮಾಗಡಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋದರೆ ನಿಂತುಬಿಡುತ್ತದೆ. ನಾನು ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಕಾರ್ಬೊರೇಟರನ್ನು ನಾಲ್ಕು ಸಲ ಬಿಚ್ಚಿ ತೊಳೆದೆ. ನಾಲ್ಕು ಸಲವೂ ಮೇಷ್ಟ್ರು ಬೆವರು ಒರೆಸುತ್ತಾ ವಾಪಸ್ ಬಂದರು. ಐದನೆಯ ಸಲ ಆರೋಗ್ಯಸ್ವಾಮಿ ಕೈ ಕಟ್ಟಿಕೊಂಡು ಬಂದು ನಿಂತರು.

"ಸಾರ್, ಗಾಡಿ ನಿಂತ ಮೇಲೆ ನೀವು ಏನು ಮಾಡ್ತೀರಿ?"

"ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡ್ತೀನಿ. ಇರುತ್ತೆ. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಸ್ಟಾರ್ಟ್ ಆಗುತ್ತೆ."

ಫೋರ್‌ಮನ್ ಟ್ಯಾಂಕಿನ ಮುಚ್ಚಳ ತೆಗೆದು ತಿರುಗಿಸಿ ನನಗೆ ತೋರಿಸಿದರು. ಗಾಳಿಯಾಡಲು ಅದರಲ್ಲಿ ಸಾಸಿವೆಯಷ್ಟು ತೂತು ಇರುತ್ತದೆ. ಮಳೆನೀರು ಒಳಗೆ ಇಳಿಯದಿರಲಿ ಎಂದು ಮೇಷ್ಟ್ರು ಅದಕ್ಕೆ ಮೇಣ ಮೆತ್ತಿದ್ದರು.

"ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೇಗಪ್ಪಾ ಕೆಳಗೆ ಇಳಿಯುತ್ತೆ? ಮರಿ, ನೀನು ಗಾಡಿಗೆ ನಾಲ್ಕು ಸಲ ಕೈ ಹಾಕ್ದೆ. ಗಾಡಿ ಓಡಿಸೋರನ್ನ ಒಂದು ಮಾತು ಕೇಳಲಿಲ್ಲ."

ಅವರು ಬೈದದ್ದು ಅಷ್ಟೇ. ಪಿನ್ನಿನಿಂದ ಮೇಣ ತೆಗೆದು, ಪಿನ್ನನ್ನು ಕಾಲರಿಗೆ ಸಿಕ್ಕಿಸಿಕೊಂಡು ಹೋದರು. ಅವರ ಉಗುರು ಯಾಕೆ ಅಷ್ಟು ಶುಭ್ರವಾಗಿತ್ತು ಎಂದು ಅವತ್ತು ಗೊತ್ತಾಯಿತು.

ಹನ್ನೊಂದು ವರ್ಷ ಅಲ್ಲಿದ್ದು ಆಮೇಲೆ ಸ್ವಂತ ಅಂಗಡಿ ಇಟ್ಟೆ. ಕೇಳುವ ಬುದ್ಧಿ ಬಂದಿತ್ತು, ಆದರೆ ಪೂರ್ತಿ ಬಂದಿರಲಿಲ್ಲ. ಬೈರಾಪಟ್ಟಣದ ಒಬ್ಬರ ಗಾಡಿ ಒಂದೇ ತಿಂಗಳಲ್ಲಿ ಮೂರು ಸಲ ಪೆಟ್ರೋಲ್ ಇಳಿಯದೆ ನಿಂತಿತು. ಮೂರು ಸಲವೂ ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ನಿಲ್ಲಿಸುವ ಕಾಕಿನಲ್ಲಿ ಬಿಳಿಯ ನೂಲು ಸಿಕ್ಕಿತು. ಊದಿ ಕಳಿಸಿದೆ. ಕೊನೆಗೆ ಅವರ ಮನೆಗೇ ಹೋಗಿ ನೋಡಿದರೆ, ಕಸ ಇರಬಾರದೆಂದು ಅವರು ಪೆಟ್ರೋಲನ್ನು ಹಳೆಯ ಪಂಚೆಯಲ್ಲಿ ಸೋಸಿ ಹಾಕುತ್ತಿದ್ದರು. ಪಂಚೆ ಅವರ ಅಪ್ಪನದು, ಮುಟ್ಟಿದರೆ ಹಿಂಜಿ ಬರುತ್ತಿತ್ತು. "ಶುದ್ಧವಾಗಿರ್ಲಿ ಅಂತ ಮಾಡ್ದೆ ಕಣ್ಲಾ ಮರಿಸ್ವಾಮಿ" ಎಂದು ಅವರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಹೀಗೆ ಮಾಡುತ್ತಾ ಮಾಡುತ್ತಾ ನನಗೆ ಹೆಸರು ಬಂತು. ಗಾಡಿ ಇನ್ನೂ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ, ಅದರ ಪಿಸ್ಟನ್ ರಿಂಗು ಸವೆದಿದೆ ಎಂದು ಹೇಳುತ್ತಿದ್ದೆ. ಬಿಚ್ಚಿದರೆ ಸವೆದೇ ಇರುತ್ತಿತ್ತು. ಕಿವಿ ಮರಿಸ್ವಾಮಿ ಎಂದು ಚನ್ನಪಟ್ಟಣದವರೆಗೂ ಕರೆಯುತ್ತಿದ್ದರು. ಆ ಹೆಸರು ನನಗೆ ಒಳಗೊಳಗೇ ಬಹಳ ಇಷ್ಟವಾಗಿತ್ತು. ಯಾರಾದರೂ ಮೀಟರ್, ಗೇಜು ಎಂದು ತಂದರೆ ಪಕ್ಕಕ್ಕಿಡಿ ಎನ್ನುತ್ತಿದ್ದೆ. ಇದು ಮುಂದೆ ಒಬ್ಬರ ಮೈಮೇಲೆ ಬಂತು, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಕಾಲ ತಿರುಗಿತು. ಎರಡು ಸ್ಟ್ರೋಕಿನ ಗಾಡಿಗಳು ಗುಜರಿಗೆ ಹೋದವು, ಗೇರಿಲ್ಲದವು ಬಂದವು. ನನ್ನ ವಿದ್ಯೆ ಮುಗಿಯಿತು ಅಂದುಕೊಂಡಿದ್ದಾಗ ಹಳೆಯ ಸ್ಕೂಟರುಗಳೇ ಮತ್ತೆ ಬರತೊಡಗಿದವು. ಈ ಸಲ ಬಂದವರು ರಿಪೇರಿ ಮಾಡಿ ಎನ್ನುತ್ತಿರಲಿಲ್ಲ, ಜೋರಾಗಿ ಓಡುವ ಹಾಗೆ ಮಾಡಿ ಎನ್ನುತ್ತಿದ್ದರು. ಪಿಸ್ಟನ್ ಓಡಾಡುವ ಬೋರ್ ದೊಡ್ಡದು ಮಾಡುವುದು, ಹೊಗೆ ಮತ್ತು ಗಾಳಿ ಓಡಾಡುವ ಕಿಂಡಿಗಳನ್ನು ಅರದಿಂದ ಉಜ್ಜಿ ಅಗಲಿಸುವುದು, ದೊಡ್ಡ ಕಾರ್ಬೊರೇಟರ್, ಹೊಟ್ಟೆ ಉಬ್ಬಿದ ಸೈಲೆನ್ಸರ್ ಹಾಕುವುದು. ಇದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ಅರವತ್ತರ ಹತ್ತಿರ ನನಗೆ ಮತ್ತೆ ಹತ್ತೊಂಬತ್ತರ ಹುಮ್ಮಸ್ಸು ಬಂತು.

ಆ ದಿನಗಳಲ್ಲೇ ಜಯಶೀಲಾ ಸಿಸ್ಟರ್ ಬಂದದ್ದು. ಕನಕಪುರದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು, ಮನೆ ಸಾತನೂರು, ನಲವತ್ತರ ಆಸುಪಾಸು. ಅವರ ತಾಯಿಯೂ ನರ್ಸಾಗಿದ್ದವರು. ಹಳ್ಳಿ ಹಳ್ಳಿ ಸುತ್ತಿ ಹೆರಿಗೆ ಮಾಡಿಸಲು ಆಗಿನ ಕಾಲದಲ್ಲೇ ಗೇರಿನ ಸ್ಕೂಟರ್ ಓಡಿಸುತ್ತಿದ್ದರಂತೆ. ಆ ಸ್ಕೂಟರನ್ನೇ ಮಗಳು ಟೆಂಪೋದಲ್ಲಿ ಹಾಕಿಸಿಕೊಂಡು ತಂದಿದ್ದರು.

"ಹೊಸ ಗಾಡಿ ತಗೊಬೋದಲ್ಲ ಸಿಸ್ಟ್ರೇ" ಎಂದೆ.

"ಹೊಸದು ಐತೆ ಕಣಣ್ಣ. ಅದು ಡ್ಯೂಟಿಗೆ. ಇದು ನಂಗೆ. ಸಾತನೂರು ಏರಲ್ಲಿ ಲಾರಿ ಹಿಂದೆ ಹೊಗೆ ಕುಡ್ಕೊಂಡು ಹೋಗಿ ಹೋಗಿ ಸಾಕಾಗೈತೆ. ಮುಂದಕ್ಕೆ ಹೋಗ್ಬೇಕು. ನಂಗೆ ಸ್ಪೀಡ್ ಇಷ್ಟ, ಹೇಳ್ಕೊಳಕ್ಕೆ ನಾಚ್ಕೆ ಏನಿಲ್ಲ."

ನಲವತ್ತು ವರ್ಷದಲ್ಲಿ ಯಾರೂ ನನ್ನೆದುರು ಇಷ್ಟು ನೇರವಾಗಿ ನಿಜ ಹೇಳಿರಲಿಲ್ಲ. ಗಂಡಸರೆಲ್ಲ ಮೈಲೇಜಿಗೆ, ಪಿಕಪ್ಪಿಗೆ ಎಂದು ಸುತ್ತಿ ಬಳಸಿ ಬರುತ್ತಿದ್ದರು. ನಾನು ಒಪ್ಪಿಕೊಂಡೆ.

ಒಂದು ತಿಂಗಳು ಆ ಇಂಜಿನ್ನನ್ನು ಮಗುವಿನ ಹಾಗೆ ನೋಡಿಕೊಂಡೆ. ಮೊದಲ ಸಲ ಒದ್ದಾಗ ಅದು ಎದ್ದ ಸದ್ದಿಗೆ ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಆಚೆಗೆ ಬಂದರು. ಸಿಸ್ಟರ್ ಒಂದು ಸುತ್ತು ಹೋಗಿ ಬಂದು ಹೆಲ್ಮೆಟ್ ತೆಗೆದರು. ಮುಖ ನೋಡಿದರೆ ಮಾತು ಬೇಕಾಗಿರಲಿಲ್ಲ.

ಹದಿನೈದು ದಿನ ಆದ ಮೇಲೆ ಫೋನ್ ಬಂತು. ಕನಕಪುರ ದಾಟಿ ಸಾತನೂರಿನ ಉದ್ದನೆಯ ಏರಿನಲ್ಲಿ ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಹೋಗುತ್ತಿದ್ದಾಗ, ಇಂಜಿನ್ನಿನ ದನಿ ಒಮ್ಮೆಲೇ ಸಣ್ಣಗಾಗಿ ಮೇಲೇರಿತಂತೆ, ಆಮೇಲೆ ಶಕ್ತಿಯೇ ಇಲ್ಲದಂತಾಗಿ ಆರಿಹೋಯಿತಂತೆ. ಹತ್ತು ನಿಮಿಷ ಬಿಟ್ಟು ಒದ್ದರೆ ಏನೂ ಆಗಿಲ್ಲವೆನ್ನುವಂತೆ ಶುರುವಾಯಿತಂತೆ.

ಇದು ಪೆಟ್ರೋಲ್ ಸಾಲದೆ ಬರುವ ರೋಗ ಎಂದು ನನಗೆ ಕೂಡಲೇ ಗೊತ್ತಾಯಿತು. ಎರಡು ಸ್ಟ್ರೋಕಿನಲ್ಲಿ ಇದು ಸಣ್ಣ ರೋಗವಲ್ಲ. ಆ ಇಂಜಿನ್ನಿಗೆ ಎಣ್ಣೆ ಸಿಗುವುದೇ ಪೆಟ್ರೋಲಿನ ಜೊತೆ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಬಿಸಿ ಏರಿ ಪಿಸ್ಟನ್ ಉಬ್ಬಿ ಬೋರಿನೊಳಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಹಿಂದಿನ ಚಕ್ರ ಇದ್ದಲ್ಲೇ ನಿಂತುಹೋಗುತ್ತದೆ, ಗಾಡಿ ಎಂಬತ್ತರಲ್ಲಿ ಓಡುತ್ತಿದ್ದರೂ ಸರಿ.

ಗೊತ್ತಿದ್ದೂ ನಾನು ಮಾಡಿದ್ದೇನು? ಗಾಡಿ ತರಿಸಿಕೊಂಡು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಚಿಮ್ಮುವ ಜೆಟ್ ಎಂಬ ಹಿತ್ತಾಳೆಯ ಚೂರನ್ನು ತೆಗೆದು ಒಂದು ನಂಬರ್ ದೊಡ್ಡದನ್ನು ಹಾಕಿದೆ. ಊರೊಳಗೆ ಎರಡು ಸುತ್ತು ಹೊಡೆದೆ. ಕಿವಿಗೆ ಚೆನ್ನಾಗಿ ಕೇಳಿಸಿತು. ಪ್ಲಗ್ ಬಿಚ್ಚಿ ನೋಡಿದರೆ ಕಾಫಿಪುಡಿ ಬಣ್ಣ, ಎಲ್ಲ ಪಾಸು.

"ಇನ್ನು ಕಣ್ಣು ಮುಚ್ಕೊಂಡು ಹೋಗವ್ವ" ಎಂದೆ.

ಆ ಮಾತನ್ನು ಇವತ್ತಿಗೂ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸುತ್ತದೆ.

ಎಂಟನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಬೇರೆ ನರ್ಸು. ಅದೇ ಏರು, ಅದೇ ಪೂರ್ತಿ ಆಕ್ಸಿಲೇಟರ್. ಈ ಸಲ ಇಂಜಿನ್ ಕಚ್ಚಿಕೊಂಡು ಚಕ್ರ ನಿಂತಿತ್ತು. ಗಾಡಿ ಅಡ್ಡಡ್ಡ ಜಾರಿ ಸಿಸ್ಟರ್ ಡಾಂಬರಿನ ಮೇಲೆ ಉರುಳಿದ್ದರು. ಹಿಂದೆ ಬರುತ್ತಿದ್ದ ಸರ್ಕಾರಿ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿ, ಅವರ ಕಾಲಿನಿಂದ ಎರಡು ಮಾರು ದೂರದಲ್ಲಿ ಬಸ್ಸು ನಿಲ್ಲಿಸಿದ್ದನಂತೆ. ಎಡಗೈ ಮಣಿಕಟ್ಟು ಮುರಿದಿತ್ತು.

ಅಂಗಡಿಯ ಬಾಗಿಲು ಎಳೆದು ಬಸ್ಸು ಹತ್ತಿದೆ. ಕನಕಪುರದವರೆಗೂ ನನ್ನ ಕಣ್ಣೆದುರು ಆ ಎರಡು ಮಾರು ಜಾಗವೇ ಇತ್ತು.

ಅವರು ತಮ್ಮದೇ ವಾರ್ಡಿನಲ್ಲಿ ಮಲಗಿದ್ದರು. ಎಡಗೈಗೆ ಹೊಸ ಪ್ಲಾಸ್ಟರ್, ಬಲಗೈಗೆ ಡ್ರಿಪ್. ಕೆನ್ನೆಯ ಮೇಲೆ ತರಚಿದ ಗಾಯ. ನಾನು ಬಾಗಿಲಲ್ಲೇ ನಿಂತೆ.

"ಬನ್ನಿ ಅಣ್ಣ. ಯಾಕ್ ಅಲ್ಲೇ ನಿಂತ್ಕೊಂಡ್ರಿ?"

ಸ್ಟೂಲಿನ ಮೇಲೆ ಕೂತೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ, ಕಣ್ಣು ಪ್ಲಾಸ್ಟರಿನ ಮೇಲೇ ನಿಂತಿತು.

"ಯಾಕ್ ಹಿಂಗಾಯ್ತು ಅಂತ ಗೊತ್ತಾಯ್ತಾ?" ಅವರೇ ಕೇಳಿದರು.

"ಪೆಟ್ರೋಲ್ ಸಾಲ್ದೆ ಹೋಯ್ತು ಅನ್ಸತ್ತೆ ಕಣವ್ವ."

"ಅನ್ಸತ್ತೆ ಅಂದ್ರೆ?" ಅವರ ದನಿ ಗಟ್ಟಿಯಾಯಿತು. "ಅಣ್ಣ, ನಾನು ಪೇಶೆಂಟ್ ಚಾರ್ಟಲ್ಲಿ ಡ್ರಿಪ್ ಹೋಯ್ತಾ ಐತೆ ಅನ್ಸತ್ತೆ ಅಂತ ಬರುದ್ರೆ ಡಾಕ್ಟ್ರು ನನ್ನ ಕೆಲ್ಸದಲ್ಲಿ ಇಟ್ಕತಾರಾ? ಅಗೋ, ಆ ಹನಿ ನೋಡಿ. ನಿಮಿಷಕ್ಕೆ ಎಷ್ಟು ಹನಿ ಅಂತ ವಾಚ್ ಇಟ್ಕೊಂಡು ಎಣಿಸ್ತೀವಿ. ಒಬ್ಬೊಬ್ಬ ಪೇಶೆಂಟ್‌ಗೆ ಒಂದೊಂದು ಲೆಕ್ಕ. ನನ್ನ ಗಾಡಿಗೆ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬೇಕು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದು ಗಾಡಿಗೂ ನಾನು ಆ ಪ್ರಶ್ನೆ ಕೇಳಿರಲಿಲ್ಲ.

"ಎಷ್ಟು ಹೋಯ್ತಾ ಐತೆ? ಅದನ್ನಾದ್ರೂ ಅಳುದ್ರಾ?"

ಅದೂ ಇಲ್ಲ. ತಲೆ ತಗ್ಗಿಸಿದೆ. ತಗ್ಗಿಸಿದ್ದವನು ಮೆಲ್ಲಗೆ ಎತ್ತಿ ಆ ಸಲೈನ್ ಬಾಟಲಿಯನ್ನೇ ನೋಡತೊಡಗಿದೆ. ಮೇಲೆ ಬಾಟಲಿ, ಕೆಳಗೆ ಪೈಪು, ನಡುವೆ ತಿರುಗಿಸುವ ಚಕ್ರ, ತುದಿಗೆ ಸೂಜಿ. ನನ್ನ ಸ್ಕೂಟರಿನಲ್ಲಿ ಟ್ಯಾಂಕು, ಪೈಪು, ಕಾಕು, ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ಬಿಡುವ ತಡೆಯುವ ಸೂಜಿ. ಎರಡರಲ್ಲೂ ಪಂಪಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು.

"ಖಾಲಿ ಬಾಟ್ಲು ಒಂದು ಇದ್ರೆ ಕೊಡುಸ್ತೀರಾ?" ಎಂದು ಕೇಳಿದೆ. "ಗೆರೆ ಇರೋದು."

ಸಿಸ್ಟರ್ ಮೊದಲ ಸಲ ನಕ್ಕರು. ಗಾಯ ಎಳೆಯಿತು ಅಂತ ಕಾಣುತ್ತದೆ, ಕೂಡಲೇ ನಿಲ್ಲಿಸಿದರು.

ಮಾರನೆಯ ದಿನ ಗಾಡಿ ಅಂಗಡಿಗೆ ತರಿಸಿದೆ. ಪಿಸ್ಟನ್ ಬೋರಿಗೆ ಅಂಟಿ ಗೀರು ಬಿದ್ದಿತ್ತು. ಅದನ್ನು ಸರಿಮಾಡುವುದು ಗೊತ್ತಿದ್ದ ಕೆಲಸ, ಮಾಡಿದೆ. ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆ. ಪೂರ್ತಿ ತಿರುಗಿಸಿ ಎಂಬತ್ತರಲ್ಲಿ ಓಡಿಸಿದರೆ ಈ ಗಾಡಿ ಲೀಟರಿಗೆ ಹದಿನಾರು ಕಿಲೋಮೀಟರ್ ಕೊಟ್ಟೀತು. ಅಂದರೆ ಗಂಟೆಗೆ ಐದು ಲೀಟರ್, ನಿಮಿಷಕ್ಕೆ ಎಂಬತ್ತು ಚಿಲ್ಲರೆ ಮಿಲಿ. ಏರಿಗೆ ಇನ್ನಷ್ಟು ಸೇರಿಸಿ ನೂರು ಎಂದು ಬರೆದುಕೊಂಡೆ. ನೂರಕ್ಕಿಂತ ಕಡಿಮೆ ಇಳಿದರೆ ಅಪಾಯ.

ಟ್ಯಾಂಕನ್ನು ಹೊರತೆಗೆದು, ಗಾಡಿಯ ಮೇಲೆ ಮೇಜಿನ ಹಲಗೆ ಇಟ್ಟು, ಅದರ ಮೇಲಿಟ್ಟೆ. ಪೈಪಿನ ತುದಿಗೆ ಬಾಟಲಿ ಹಿಡಿದು ವಾಚ್ ನೋಡಿದೆ. ನಿಮಿಷಕ್ಕೆ ಇನ್ನೂರೈವತ್ತು. ಪೈಪನ್ನು ಕಾರ್ಬೊರೇಟರಿಗೆ ಸಿಕ್ಕಿಸಿ, ಸೂಜಿ ದಾಟಿ ಎಷ್ಟು ಬರುತ್ತದೆ ಎಂದು ಅಡಿಯ ಸ್ಕ್ರೂ ಬಿಚ್ಚಿ ಹಿಡಿದೆ. ನೂರಾ ಎಂಬತ್ತು. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಉಳಿಸಿ ನೋಡಿದೆ. ಆಗಲೂ ನೂರೈವತ್ತು. ಮುಚ್ಚಳದ ತೂತು ಸರಿಯಿತ್ತು, ಕಾಕು ಸರಿಯಿತ್ತು.

ಲೆಕ್ಕದ ಪ್ರಕಾರ ಗಾಡಿಗೆ ಯಾವ ರೋಗವೂ ಇಲ್ಲ. ಮೂರು ದಿನ ಅದರ ಸುತ್ತ ತಿರುಗಿದೆ. ಊಟಕ್ಕೆ ಕೂತರೂ ಬಾಟಲಿಯ ಗೆರೆಗಳೇ ಕಾಣುತ್ತಿದ್ದವು. ಹಾಗಾದರೆ ಜೆಟ್ಟೇ ಕಾರಣವೇ, ಸೈಲೆನ್ಸರ್ ಕಾರಣವೇ ಎಂದು ಅನುಮಾನ. ಆದರೆ ಇನ್ನೊಂದು ಜೆಟ್ ಹಾಕಿ ಸರಿಯಾಯಿತು ಎನ್ನಲು ಈಗ ಧೈರ್ಯವಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸಿಸ್ಟರೇ ಬಸ್ಸಿನಲ್ಲಿ ಬಂದರು, ಎಡಗೈ ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿಕೊಂಡು. ಬೆಂಚಿನ ಮೇಲೆ ಕೂತು ನಾನು ಬರೆದಿಟ್ಟ ಕಾಗದ ಓದಿದರು.

"ಎಲ್ಲಾ ಸರಿ ಐತಲ್ಲ."

"ಅದೇ ನನ್ ತಲೆ ಕೆಡ್ಸಿರೋದು."

"ಇನ್ನೊಂದ್ಸಲ ಅಳೀರಿ. ನೋಡ್ತೀನಿ."

ಹಲಗೆಯ ಮೇಲೆ ಟ್ಯಾಂಕು ಏರಿಸಿ ಮತ್ತೆ ಅಳೆದು ತೋರಿಸಿದೆ. ಅವರು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರು.

"ಅಣ್ಣ, ವಾರ್ಡಲ್ಲಿ ಒಂದು ಆಯ್ತದೆ. ಪೇಶೆಂಟ್ ಕೈ ನೀಟಾಗಿ ಚಾಚ್ಕೊಂಡು ಮಲಗಿದ್ದಾಗ ಡ್ರಿಪ್ ಚೆನ್ನಾಗಿ ಹೋಯ್ತಿರ್ತದೆ. ನಾವು ಆ ಕಡೆ ಹೋದ ತಕ್ಷಣ ಎದ್ದು ಕೂತು ಮೊಣಕೈ ಮಡುಸ್ತಾರೆ. ನಿಂತೋಯ್ತದೆ. ನಾವು ಬಂದು ನೋಡಿದ್ರೆ ಮತ್ತೆ ಮಲಗಿರ್ತಾರೆ, ಮತ್ತೆ ಹೋಯ್ತಾ ಇರ್ತದೆ." ಹಲಗೆಯ ಕಡೆಗೆ ಗಲ್ಲ ತೋರಿಸಿದರು. "ನಿಮ್ ಪೇಶೆಂಟ್ ಈಗ ಮಲಗೈತೆ."

ಹಲಗೆ ಪಕ್ಕಕ್ಕೆ ಎಸೆದೆ. ಟ್ಯಾಂಕನ್ನು ಅದರ ಗೂಡಿನಲ್ಲಿ ಇಳಿಸಿ ಬೋಲ್ಟು ಬಿಗಿದೆ, ಸೀಟು ಕೂರಿಸಿದೆ. ಈ ಜಾತಿಯ ಸ್ಕೂಟರಿನಲ್ಲಿ ಸೀಟಿನ ಕೆಳಗೇ ಟ್ಯಾಂಕು, ಸೀಟು ಕೂರುವುದೇ ಟ್ಯಾಂಕಿನ ಮೇಲೆ. ಕಾರ್ಬೊರೇಟರಿನ ಅಡಿಯ ಸ್ಕ್ರೂ ಬಿಚ್ಚಿ ಬಾಟಲಿ ಹಿಡಿದೆ. ಸಿಸ್ಟರ್ ಬಲಗೈಯ ವಾಚ್ ನೋಡುತ್ತಾ ನಿಮಿಷ ಮುಗಿಯಿತು ಎಂದರು.

ನೂರಾ ಇಪ್ಪತ್ತು.

"ಕಮ್ಮಿ ಆಯ್ತು" ಎಂದೆ. ನೂರಾ ಎಂಬತ್ತು ಇದ್ದದ್ದು ಟ್ಯಾಂಕು ಕೂರಿಸಿದ್ದಕ್ಕೇ ನೂರಾ ಇಪ್ಪತ್ತಾಗಿತ್ತು. ಆದರೂ ಅದು ನೂರಕ್ಕಿಂತ ಮೇಲೇ ಇತ್ತು.

"ನಾನು ಬಿದ್ದಾಗ ಸೀಟು ಖಾಲಿ ಇರ್ಲಿಲ್ಲ" ಎಂದರು ಸಿಸ್ಟರ್.

ಸ್ಟ್ಯಾಂಡ್ ಹಾಕಿದ್ದ ಗಾಡಿಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಒಂದೇ ಕೈ ಊರಿ ಹತ್ತಿ ಕೂತರು. ಬಾಟಲಿಗೆ ಬೀಳುತ್ತಿದ್ದ ಧಾರೆ ನನ್ನ ಕಣ್ಣೆದುರೇ ಸಣ್ಣಗಾಯಿತು. ಮೊದಲು ಕಡ್ಡಿಯಂತಿದ್ದದ್ದು ಆಮೇಲೆ ದಾರದಂತಾಯಿತು.

"ಏಳವ್ವ."

ಎದ್ದರು. ಧಾರೆ ದಪ್ಪವಾಯಿತು.

"ಕೂತ್ಕೊ."

ದಾರ.

ಅಳೆದರೆ ನಿಮಿಷಕ್ಕೆ ಅರವತ್ತು. ಊರೊಳಗೆ ಮೆಲ್ಲಗೆ ಓಡಿಸುವಾಗ ಇಂಜಿನ್ ಅದರ ಅರ್ಧವನ್ನೂ ಕುಡಿಯುವುದಿಲ್ಲ, ಹಾಗಾಗಿ ನನ್ನ ಟೆಸ್ಟಿನಲ್ಲಿ ಎಲ್ಲ ಸರಿಯಾಗಿತ್ತು. ಏರಿನಲ್ಲಿ ಪೂರ್ತಿ ತಿರುಗಿಸಿದಾಗ ನೂರು ಕೇಳುತ್ತಿತ್ತು, ಅರವತ್ತು ಸಿಗುತ್ತಿತ್ತು. ಕಾರ್ಬೊರೇಟರಿನಲ್ಲಿ ತುಂಬಿಕೊಂಡಿದ್ದು ಮುಗಿಯುವವರೆಗೆ ಓಡಿ ಆಮೇಲೆ ಬಾಯಾರಿ ಬೀಳುತ್ತಿತ್ತು. ಎದ್ದು ಕೂತು, ಎದ್ದು ಕೂತು, ಅವರು ಆರೇಳು ಸಲ ಮಾಡಿದರು. ಪ್ರತಿ ಸಲವೂ ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು. ಟೀ ಅಂಗಡಿಯವರು ಮತ್ತೆ ಆಚೆಗೆ ಬಂದು, ಇವರಿಗೆ ಏನಾಗಿದೆ ಎಂಬಂತೆ ನೋಡಿದರು.

ಟ್ಯಾಂಕಿನ ಕೆಳಗಿನ ಸಂದಿಯಲ್ಲಿ ಪುಟ್ಟ ಕನ್ನಡಿ ಇಳಿಸಿ ಟಾರ್ಚ್ ಬಿಟ್ಟು ನೋಡಿದೆ. ಕಾರಣ ಅಲ್ಲಿತ್ತು. ಹೊಸ ಕಾರ್ಬೊರೇಟರ್ ಹಾಕುವಾಗ ಪೈಪನ್ನು ನಾನೇ ಉದ್ದವಾಗಿ ಕತ್ತರಿಸಿದ್ದೆ. ಮುಂದೆ ಟ್ಯಾಂಕು ಎತ್ತಲು ಸಲೀಸಾಗುತ್ತದೆ, ಒಸಿ ಉದ್ದ ಇರಲಿ ಎಂದು. ಟ್ಯಾಂಕು ಕೂತಾಗ ಆ ಹೆಚ್ಚಿನ ಉದ್ದ ಒಳಗೆ ಮಡಿಚಿಕೊಳ್ಳುತ್ತಿತ್ತು. ಟ್ಯಾಂಕಿನ ಕೆಳಗಿನ ಹಳೆಯ ರಬ್ಬರು ಚಪ್ಪಟೆಯಾಗಿತ್ತು, ಅದನ್ನೂ ನಾನು ಬದಲಿಸಿರಲಿಲ್ಲ. ಮೇಲೆ ಭಾರ ಬಿದ್ದರೆ ಟ್ಯಾಂಕು ಇನ್ನೊಂದಿಷ್ಟು ಇಳಿದು ಆ ಮಡಿಕೆಯನ್ನು ಒತ್ತುತ್ತಿತ್ತು.

ಕನ್ನಡಿ ಕೆಳಗಿಟ್ಟೆ. "ತಪ್ಪು ನನ್ನದು ಕಣವ್ವ. ಈ ಪೈಪ್ ಹಾಕಿದ್ದು ನಾನು. ನಿನ್ ಕೈ ಮುರ್ದಿದ್ದೂ ನಾನೇ."

ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಲಿಲ್ಲ.

"ಹೌದು, ನಿಮ್ದೇ" ಎಂದರು. "ಈಗ ಸರಿ ಮಾಡಿ."

ಆ ಎರಡು ಮಾತು ನನಗೆ ದೊಡ್ಡ ಉಪಕಾರ ಮಾಡಿದವು. ತಪ್ಪು ಮಾಡಿದವನಿಗೆ ಹೋಗಲಿ ಬಿಡಿ ಎಂದರೆ ಅವನು ಮನೆಗೆ ಹೋಗಿ ಮಲಗುತ್ತಾನೆ. ಸರಿ ಮಾಡು ಎಂದರೆ ಎದ್ದು ಕೆಲಸಕ್ಕೆ ನಿಲ್ಲುತ್ತಾನೆ.

ಪೈಪನ್ನು ಅಳತೆಗೆ ಕತ್ತರಿಸಿ, ಎಲ್ಲಿಯೂ ಮೇಲೇರದಂತೆ ಟ್ಯಾಂಕಿನಿಂದ ಕೆಳಮುಖವಾಗಿಯೇ ಇಳಿಸಿದೆ. ಒಳಗಿನ ತೂತು ದೊಡ್ಡದಿರುವ ಪೈಪೇ ಹಾಕಿದೆ. ಹೊಸ ರಬ್ಬರು ಕೂರಿಸಿದೆ. ಕಾಕನ್ನೂ ಕಾರ್ಬೊರೇಟರಿನ ಸೂಜಿಯನ್ನೂ ಒಂದು ಸೈಜು ದೊಡ್ಡದು ಮಾಡಿದೆ. ಆಮೇಲೆ ಸೀಟಿನ ಮೇಲೆ ಒಂದು ಮೂಟೆ ಸಿಮೆಂಟು ಇಟ್ಟು ಅಳೆದೆ. ಇನ್ನೂರಿಪ್ಪತ್ತು. ಎರಡು ಮೂಟೆ ಇಟ್ಟೆ. ಇನ್ನೂರಿಪ್ಪತ್ತು. ಮೂರು ದಿನ, ದಿನಕ್ಕೆರಡು ಸಲ ಅಳೆದು ಕಾಗದದಲ್ಲಿ ಬರೆದೆ.

ಅವರ ಪ್ಲಾಸ್ಟರ್ ಬಿಚ್ಚುವ ಮೊದಲು ನಾನೇ ಆ ಏರನ್ನು ಹತ್ತಬೇಕಿತ್ತು. ಅದು ನ್ಯಾಯ. ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಒಮ್ಮೆ ಕಚ್ಚಿಕೊಂಡಿದ್ದ ಇಂಜಿನ್ನಿನ ಮೇಲೆ ಕೂತು ಆಕ್ಸಿಲೇಟರ್ ಕೊನೆಯವರೆಗೂ ತಿರುಗಿಸಿದೆ. ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೇ ಇದ್ದವು. ಇಂಜಿನ್ ಕಚ್ಚಿಕೊಂಡ ಕ್ಷಣವೇ ಕ್ಲಚ್ ಒತ್ತಿದರೆ ಚಕ್ರ ಬಿಡುಗಡೆಯಾಗುತ್ತದೆ, ಬೀಳದೆ ಉಳಿಯಬಹುದು. ಡಾಂಬರಿನ ಮೇಲೆ ಅವರ ಗಾಡಿ ಗೀಚಿದ ಬಿಳಿಯ ಗುರುತು ಇನ್ನೂ ಇತ್ತು. ಅದನ್ನು ದಾಟುವಾಗ ಇಂಜಿನ್ನಿನ ದನಿಗೇ ಕಿವಿ ಕೊಟ್ಟಿದ್ದೆ. ದಾಟಿದ ಮೇಲೆ ಏನು ಕೂಗಿದೆನೋ ನೆನಪಿಲ್ಲ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವತ್ತು ನಾಲ್ಕು ಸಲ ಹತ್ತಿ ಇಳಿದೆ.

ಪ್ಲಾಸ್ಟರ್ ಬಿಚ್ಚಿ, ಕೈಗೆ ಬಲ ಬಂದು, ಅವರು ಗಾಡಿ ತೆಗೆದುಕೊಳ್ಳಲು ಬಂದ ದಿನ ಭಾನುವಾರ. ನನ್ನ ಅಳತೆಯ ಕಾಗದ ಕೊಟ್ಟೆ. ಮೇಲಿಂದ ಕೆಳಗೆ ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಸರಿಯಾಗಿದೆ, ಹೋಗಿ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಹೆಲ್ಮೆಟ್ ಹಾಕ್ಕಳಿ ಅಣ್ಣ" ಎಂದರು.

"ಯಾಕೆ?"

"ಹಿಂದೆ ಕೂತ್ಕಳಿ. ನಾನೊಬ್ಳೇ ಕೂತಾಗ ಅರವತ್ತು ಬತ್ತಿತ್ತು. ಇಬ್ರು ಕೂತ್ರೆ ಎಂಗೋ ನೋಡವ."

ಹಿಂದಿನ ಸೀಟಿನಲ್ಲಿ ಕೂತು ನಾನು ಯಾವತ್ತೂ ಟೆಸ್ಟ್ ಮಾಡಿದವನಲ್ಲ. ಹಿಂದೆ ಕೂತರೆ ಕೈಯಲ್ಲಿ ಬ್ರೇಕಿಲ್ಲ, ಕ್ಲಚ್ಚಿಲ್ಲ. ನಾನು ಮಾಡಿದ ಕೆಲಸವೊಂದೇ ಕೆಳಗೆ. ನಲವತ್ತು ವರ್ಷ ಗಿರಾಕಿಗಳನ್ನು ನಾನು ಹಾಗೆಯೇ ಕಳಿಸಿದ್ದೆ. ಹತ್ತಿ ಕೂತೆ.

ಕನಕಪುರ ದಾಟುವವರೆಗೂ ಅವರು ನಿಧಾನವಾಗಿಯೇ ಹೋದರು. ಹುಣಸೆ ಮರಗಳು ಮುಗಿದು ಏರು ಕಾಣಿಸಿತು. ಮುಂದೆ ಮರಳು ತುಂಬಿದ ಲಾರಿಯೊಂದು ಕರಿಹೊಗೆ ಬಿಡುತ್ತಾ ತೆವಳುತ್ತಿತ್ತು. ಸಿಸ್ಟರ್ ಒಂದು ಗೇರ್ ಇಳಿಸಿ, ಎದುರು ನೋಡಿ, ಪೂರ್ತಿ ತಿರುಗಿಸಿದರು. ಗಾಡಿ ಮುಂದಕ್ಕೆ ಹಾರಿತು. ಲಾರಿಯ ಚಕ್ರಗಳು ನನ್ನ ಪಕ್ಕದಲ್ಲಿ ಒಂದೊಂದಾಗಿ ಹಿಂದೆ ಸರಿದವು. ಅವರ ಹೆಗಲ ಮೇಲಿಂದ ನಾನು ಎಡಗೈಯನ್ನೇ ನೋಡುತ್ತಿದ್ದೆ. ಹೊಸದಾಗಿ ಕೂಡಿಕೊಂಡ ಮೂಳೆಯ ಆ ಕೈಯ ಎರಡು ಬೆರಳುಗಳು ಕ್ಲಚ್ಚಿನ ಮೇಲೆ ಚಾಚಿಕೊಂಡಿದ್ದವು. ಬಿಳಿಯ ಗುರುತು ಬಂತು, ಹೋಯಿತು. ಇಂಜಿನ್ ಒಂದೇ ಸ್ವರದಲ್ಲಿ ಹಾಡುತ್ತಿತ್ತು. ಏರಿನ ಅರ್ಧದಲ್ಲಿ ಆ ಎರಡು ಬೆರಳುಗಳು ಕ್ಲಚ್ಚನ್ನು ಬಿಟ್ಟು ನಿಧಾನವಾಗಿ ಹ್ಯಾಂಡಲ್ ಸುತ್ತ ಮಡಿಚಿಕೊಂಡವು.

ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಹೆಲ್ಮೆಟ್ಟಿನೊಳಗೆ ಕಣ್ಣು ಮಂಜಾಗಿ ಸ್ವಲ್ಪ ದೂರ ರಸ್ತೆ ಕಾಣಲಿಲ್ಲ.

ಏರು ಮುಗಿದ ಮೇಲೆ ಹಿಪ್ಪುನೇರಳೆ ತೋಟದ ಪಕ್ಕ ಗಾಡಿ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ, ಅದು ಟಕಟಕ ಎನ್ನುತ್ತಾ ನಿಂತಿತ್ತು. ಹಿಂದೆ ಬಿಟ್ಟ ಲಾರಿಯ ಸದ್ದು ಕೆಳಗೆಲ್ಲೋ ಕೇಳುತ್ತಿತ್ತು. ಹೆಲ್ಮೆಟ್ಟಿನ ಗಾಜು ಎತ್ತಿ ಅವರು ಅರ್ಧ ತಿರುಗಿದರು.

"ಅಣ್ಣ, ಕೈ ತೆಗೀರಿ. ಹೆಗಲು ಕಿತ್ಕೊಂಡ್ ಬತ್ತಾ ಐತೆ."

ನೋಡಿಕೊಂಡರೆ ನನ್ನ ಬಲಗೈ ಅವರ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಯಾವಾಗ ಹಿಡಿದೆನೋ ಗೊತ್ತಿಲ್ಲ. ನಾಚಿಕೆಯಾಗಿ ಬಿಟ್ಟೆ.

"ಇಳೀತೀರಾ, ಇಲ್ಲಾ ಇನ್ನೊಂದ್ಸಲ ಹೋಗವಾ?" ಎಂದು ಕೇಳಿದರು.

"ತಿರುಗ್ಸವ್ವ" ಎಂದೆ.